ಕರಕಿ ಯಾರ ಹೆಸರಿಗೆ? ಹೊಸರಿತ್ತಿಯ ಎರೆಹೊಲದ ಒಬ್ಬ ಹಕ್ಕುದಾರನ ಸಸ್ಯಶಾಸ್ತ್ರೀಯ ಪರಿಶೀಲನೆ

ಹುಲ್ಲಿನ ಕುಟುಂಬದಲ್ಲಿ ಹನ್ನೊಂದು ಸಾವಿರಕ್ಕೂ ಮೇಲ್ಪಟ್ಟು ಜಾತಿಗಳಿವೆ ಎಂದು ಸಸ್ಯಶಾಸ್ತ್ರಜ್ಞರು ಎಣಿಸಿಟ್ಟಿದ್ದಾರೆ. ಇಷ್ಟನ್ನೂ ಅವರು ವಿಂಗಡಿಸಿದ್ದು ತೆನೆಯ ಆಕಾರ, ಹೂವಿನ ಸಿಪ್ಪೆ, ಎಲೆ ಬುಡದ ಕೂದಲು ಇವನ್ನು ಭೂತಗನ್ನಡಿಯಲ್ಲಿ ನೋಡಿ. ಈ ಹುಲ್ಲು ಯಾರ ಹೊಲದಲ್ಲಿದೆ, ಎಂದಿನಿಂದ ಇದೆ, ಬಿಡಿಸಿದರೆ ಬಿಡುತ್ತದೆಯೇ ಎಂಬ ಮೂರು ಮೂಲಭೂತ ಪ್ರಶ್ನೆಗಳನ್ನು ಶಾಸ್ತ್ರ ಕೇಳಿಯೇ ಇಲ್ಲ. ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ವರದಾ ನದಿಯ ದಂಡೆಗುಂಟ ಹರಡಿದ ಎರೆ ಭೂಮಿಯಲ್ಲಿ ನಿಂತು ನೋಡಿದವರಿಗೆ ಈ ಲೋಪ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ಅಲ್ಲಿ ಬೆಳೆ ವರ್ಷವರ್ಷ ಬದಲಾಗುತ್ತದೆ: ಒಮ್ಮೆ ಹತ್ತಿ, ಒಮ್ಮೆ ಗೋವಿನಜೋಳ, ಒಮ್ಮೆ ಮೆಣಸಿನಗಿಡ. ಮಾಲೀಕನೂ ತಲೆಮಾರಿಗೊಮ್ಮೆ ಬದಲಾಗುತ್ತಾನೆ. ಬದಲಾಗದೆ ಉಳಿಯುವುದು ಕರಕಿ ಒಂದೇ. ಆದ್ದರಿಂದ ಕರಕಿಯನ್ನು ಸಸ್ಯಗಳ ಪಟ್ಟಿಯಿಂದ ಕಡಿಮೆ ಮಾಡಿ ಖಾತೆದಾರರ ಪಟ್ಟಿಗೆ ಸೇರಿಸಬೇಕೆಂಬುದು ಈ ಪ್ರಬಂಧದ ವಾದ.

ಮೊದಲು ಶಾಸ್ತ್ರದ ಮರ್ಯಾದೆಗಾಗಿ ವರ್ಣನೆ. ಬಹುವಾರ್ಷಿಕ. ನೆಲದ ಮೇಲೆ ತೆವಳುವ ಬಳ್ಳಿಕಾಂಡವೂ ನೆಲದೊಳಗೆ ಹರಿಯುವ ಬೇರುಕಾಂಡವೂ ಇದಕ್ಕುಂಟು. ಎರಡರ ಪ್ರತಿ ಗಿಣ್ಣಿನಲ್ಲೂ ಬೇರು ಬಿಟ್ಟು ಚಿಗುರುವ ಸಾಮರ್ಥ್ಯವಿದೆ. ಎಲೆ ಕಿರಿದು, ತುದಿ ಚೂಪು, ಎಲೆಯ ಬುಡದಲ್ಲಿ ಬಿಳಿ ಕೂದಲಿನ ಸಣ್ಣ ಅಂಚು. ನೆಟ್ಟಗೆ ಏಳುವ ದಂಟಿನ ತುದಿಯಲ್ಲಿ ಬೆರಳು ಹರಡಿದ ಹಾಗೆ ಸಾಮಾನ್ಯವಾಗಿ ಮೂರರಿಂದ ಆರು ತೆನೆಗಳು. ಒಂದೊಂದು ತೆನೆಯಲ್ಲಿ ಎರಡು ಸಾಲಾಗಿ ಕೂತ, ಎರಡು-ಮೂರು ಮಿಲಿಮೀಟರ್ ಉದ್ದದ ಕಿರುತೆನೆಗಳು. ಈ ತೆನೆಯನ್ನು ನೋಡಿಯೇ ಲಿನೇಯಸ್ 1753ರಲ್ಲಿ ಇದನ್ನು ಪ್ಯಾನಿಕಮ್ ಡ್ಯಾಕ್ಟಿಲಾನ್ ಎಂದು ದಾಖಲಿಸಿದ. ಹೊಸರಿತ್ತಿಯ ರೈತ ಕರಕಿಯನ್ನು ತೆನೆಯಿಂದ ಗುರುತಿಸುವುದಿಲ್ಲ. ತೆನೆ ಬಿಡುವವರೆಗೆ ಅದನ್ನು ಬಿಟ್ಟವನು ರೈತನೇ ಅಲ್ಲವೆಂಬುದು ಅಲ್ಲಿಯ ಅಭಿಪ್ರಾಯ. ಅವನು ಗುರುತಿಸುವುದು ರಂಟೆಗೆ ಸಿಕ್ಕು ಮೇಲೆದ್ದ ಬಿಳಿ ಬೇರುಕಾಂಡದಿಂದ, ಅಂದರೆ ಯುರೋಪಿನ ಒಣಸಸ್ಯ ಸಂಗ್ರಹಗಳ ಕಾಗದಕ್ಕೆ ಪೂರ್ತಿಯಾಗಿ ಎಂದೂ ಅಂಟದ ಭಾಗದಿಂದ.

ಹೆಸರಿನ ಮುಂದಿನ ಚರಿತ್ರೆ ನಮ್ಮ ವಾದಕ್ಕೆ ತಾನಾಗಿ ಒದಗಿಬಂದ ಸಾಕ್ಷ್ಯ. 1763ರಲ್ಲಿ ಅದಾನ್ಸನ್ ಎಂಬ ಫ್ರೆಂಚ್ ವಿದ್ವಾಂಸ ಈ ಕುಲಕ್ಕೆ ಕ್ಯಾಪ್ರಿಯೋಲಾ ಎಂದು ಹೆಸರಿಟ್ಟಿದ್ದ. 1805ರಲ್ಲಿ ಪರ್ಸೂನ್‌ನ ಗ್ರಂಥದಲ್ಲಿ ಅದೇ ಹುಲ್ಲು ಸೈನೋಡಾನ್ ಡ್ಯಾಕ್ಟಿಲಾನ್ ಆಯಿತು. 1891ರಲ್ಲಿ ಕುಂಟ್ಸೆ ಎಂಬ ಜರ್ಮನ್ ವಿದ್ವಾಂಸ, ಹಳೆಯ ಹೆಸರಿಗೇ ಹಕ್ಕು ಮೊದಲು ಎಂಬ ನಿಯಮ ಹಿಡಿದು, ಮತ್ತೆ ಕ್ಯಾಪ್ರಿಯೋಲಾ ಎಂದು ತಿದ್ದಿದ. ಕೊನೆಗೆ ಸಸ್ಯಶಾಸ್ತ್ರಜ್ಞರ ಪಂಚಾಯ್ತಿ ಕೂಡಿ, ನಿಯಮದ ಪ್ರಕಾರ ಕ್ಯಾಪ್ರಿಯೋಲಾ ಮೊದಲಿನದಾದರೂ ಸೈನೋಡಾನ್ ರೂಢಿಯಲ್ಲಿ ಬೇರೂರಿದೆ, ಅದನ್ನೇ ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸಿತು. ಗಮನಿಸಿ: ದಾಖಲೆ ಒಬ್ಬರದು, ಅನುಭೋಗ ಇನ್ನೊಬ್ಬರದು, ಗೆದ್ದದ್ದು ಅನುಭೋಗ. ಯಾವ ನ್ಯಾಯವನ್ನು ಶಾಸ್ತ್ರ ಕರಕಿಯ ಹೆಸರಿಗೆ ಅನ್ವಯಿಸಿತೋ ಅದನ್ನೇ ಕರಕಿಗೂ ಅನ್ವಯಿಸಿರೆಂದು ನಾವು ಕೇಳುತ್ತಿದ್ದೇವೆ, ಅಷ್ಟೇ.

ಅನುಭೋಗದಿಂದ ಹಕ್ಕು ಹುಟ್ಟುವುದು ನಮ್ಮ ಕಾನೂನಿಗೂ ಹೊಸದಲ್ಲ. 1963ರ ಕಾಲಮಿತಿ ಅಧಿನಿಯಮದ ಪ್ರಕಾರ ಖಾಸಗಿ ಜಮೀನಿನಲ್ಲಿ 12 ವರ್ಷ, ಸರ್ಕಾರಿ ಜಮೀನಿನಲ್ಲಿ 30 ವರ್ಷ, ಬಹಿರಂಗವಾಗಿ, ಎಡೆಬಿಡದೆ, ಮಾಲೀಕನ ಇಚ್ಛೆಗೆ ವಿರುದ್ಧವಾಗಿ ಕಬ್ಜೆಯಲ್ಲಿದ್ದವನ ವಿರುದ್ಧ ಮಾಲೀಕ ದಾವೆ ಹೂಡುವ ಅವಕಾಶ ಮುಗಿಯುತ್ತದೆ. ಕರಕಿಯ ಕಬ್ಜೆ ಮಾಲೀಕನ ಇಚ್ಛೆಗೆ ವಿರುದ್ಧ ಎಂಬುದಕ್ಕೆ ಸಾಕ್ಷಿ ಬೇಕಿಲ್ಲ. ಕಸ ತೆಗೆಯುವ ಹೆಣ್ಣಾಳುಗಳ ಕೂಲಿಯ ಲೆಕ್ಕ ಸಾಕು. ಬಹಿರಂಗವೇ ಎಂಬಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಕರಕಿಯ ದೊಡ್ಡ ಭಾಗ ನೆಲದೊಳಗೆ, ಎರೆಮಣ್ಣಿನಲ್ಲಂತೂ ಮೊಳಗಟ್ಟಲೆ ಆಳದಲ್ಲಿ ಅಡಗಿರುತ್ತದೆ. ಕದ್ದುಮುಚ್ಚಿದ ಕಬ್ಜೆ ಕಬ್ಜೆಯಲ್ಲ ಎನ್ನಬಹುದು. ಆದರೆ ಭೂಮಿಯ ಮೇಲಿನ ಬಳ್ಳಿಕಾಂಡ ಹಾಡುಹಗಲಲ್ಲಿ ಬದು ದಾಟಿ ಪಕ್ಕದ ಹೊಲಕ್ಕೆ ಹೋಗುವುದನ್ನು ಯಾರೂ ಅಲ್ಲಗಳೆಯಲಾರರು. ಬೇರುಕಾಂಡ ಆಸ್ತಿಯ ಬುನಾದಿ, ಬಳ್ಳಿಕಾಂಡ ಅದರ ಬೋರ್ಡು. ಬುನಾದಿ ಕಾಣುವುದಿಲ್ಲವೆಂದು ಮನೆಯನ್ನು ಗುಪ್ತವೆನ್ನುವ ರೂಢಿ ಕಂದಾಯ ಇಲಾಖೆಯಲ್ಲಿ ಇಲ್ಲ.

ಎಡೆಬಿಡದೆ ಎಂಬುದು ಇನ್ನೂ ಕಠಿಣ ಪ್ರಶ್ನೆ. ರಂಟೆ ಹೊಡೆದಾಗ, ಕುಂಟೆ ಹಾಯಿಸಿದಾಗ ಕರಕಿಯ ಕಬ್ಜೆ ತುಂಡಾಗುವುದಿಲ್ಲವೇ? ತುಂಡಾಗುತ್ತದೆ, ಸರಿ; ಆದರೆ ಪ್ರತಿ ತುಂಡಿನಲ್ಲಿ ಒಂದು ಗಿಣ್ಣಿದ್ದರೆ ಸಾಕು, ಅಲ್ಲಿ ಹೊಸ ಕರಕಿ. ಕುಂಟೆಯ ಕುಡಕ್ಕೆ ಸಿಕ್ಕಿ ಎಳೆದಾಡಿದ ತುಂಡು ಕರಕಿ ಇಲ್ಲದ ಮೂಲೆಗೂ ಹೋಗಿ ನೆಲೆ ಹಿಡಿಯುತ್ತದೆ. ಈಚೆಗೆ ಟ್ರ್ಯಾಕ್ಟರಿಗೆ ಕಟ್ಟುವ ರೋಟವೇಟರ್ ಈ ಕೆಲಸವನ್ನು ಎಷ್ಟು ಚುರುಕಾಗಿ ಮಾಡುತ್ತದೆಂದರೆ, ಗಂಟೆಯೊಂದರಲ್ಲಿ ಅದು ಹುಟ್ಟಿಸುವಷ್ಟು ವಾರಸುದಾರರನ್ನು ಯಾವ ನಾಡಕಚೇರಿಯೂ ವರ್ಷದಲ್ಲಿ ದಾಖಲಿಸಲಾರದು. ಇಲ್ಲಿ ವಾರಸಾ ತತ್ವವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ದಾಯಭಾಗದ ಪ್ರಕಾರ ತಂದೆ ಸತ್ತ ಮೇಲೆ. ಕರಕಿ ಅಪ್ಪಟ ಮಿತಾಕ್ಷರದ ಸಸ್ಯ. ತಾಯಿಬಳ್ಳಿ ಬದುಕಿರುವಾಗಲೇ ಗಿಣ್ಣು ತನ್ನ ಪಾಲಿನ ಮಣ್ಣನ್ನು ಹಿಡಿದಿರುತ್ತದೆ. ಹೆಣ್ಣುಮಕ್ಕಳಿಗೆ ಸಮಪಾಲು ಕೊಡಲು ಮನುಷ್ಯರಿಗೆ 2005ರ ತಿದ್ದುಪಡಿ ಬೇಕಾಯಿತು. ಗಿಣ್ಣುಗಳಲ್ಲಿ ಆ ತಕರಾರು ಮೊದಲಿನಿಂದಲೂ ಇಲ್ಲ. ಮದುವೆಮನೆಯಲ್ಲಿ ವಂಶ ಕರಕಿಯಂತೆ ಹಬ್ಬಲಿ ಎಂದು ಹರಸಿ, ಮರುದಿನ ಗುದ್ದಲಿ ಹಿಡಿದು ಕರಕಿ ಅಗೆಯಲು ಹೋಗುವ ಸಮಾಜ, ಯಾರನ್ನು ಮಾದರಿ ವಾರಸುದಾರನೆಂದು ಒಪ್ಪಿದೆ ಎಂಬುದನ್ನು ತಾನೇ ಹೇಳಿಕೊಂಡಂತಾಯಿತು.

ಉಳುವವನೇ ಒಡೆಯ ಎಂಬ ತತ್ವದಿಂದ ಬರುವ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಲಾಗದು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿದಾರರು ನಮೂನೆ 7 ತುಂಬಿ ಭೂಮಿ ಪಡೆದರು. ಅದೇ 1974ರಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗಗಳಿಗೂ ಸುಮಾರು 119 ಚದರ ಕಿಲೋಮೀಟರ್‌ನ ಅಭಯಾರಣ್ಯ ಸಿಕ್ಕಿತು. ಕೃಷ್ಣಮೃಗ ಉಳುವುದಿಲ್ಲ, ರಾತ್ರಿ ಹೊಲಕ್ಕೆ ನುಗ್ಗಿ ಮೇಯುತ್ತದೆಂಬ ದೂರೂ ಅದರ ಮೇಲಿದೆ. ಉಳುವವನಿಗೆ ಭೂಮಿ ಬಂತು, ಮೇಯುವವನಿಗೂ ಭೂಮಿ ಬಂತು; ಮೇಯಿಸಿಕೊಂಡ ಹುಲ್ಲಿಗೆ ಮಾತ್ರ ಏನೂ ಬರಲಿಲ್ಲ. ಸಾಲದ್ದಕ್ಕೆ ಆ ಹುಲ್ಲುಗಾವಲಿನ ಬಹುಭಾಗದಲ್ಲಿ ಊರಿಂದಾಚೆಯ ನೀಲಗಿರಿ ಗಿಡಗಳನ್ನು ನೆಟ್ಟದ್ದೂ ಆಯಿತು. ಇನ್ನು ಕರಕಿ ಉಳುವುದಿಲ್ಲವೆಂಬುದೇ ತಪ್ಪು ಕಲ್ಪನೆ. ಅದರ ಬೇರುಕಾಂಡದ ತುದಿ ಚೂಪಾದ ಮೊಳೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಿಗಿದ ಎರೆಮಣ್ಣಿನಲ್ಲಿ ಎತ್ತಿನ ಸಹಾಯವಿಲ್ಲದೆ ಸಾಗುವ ಸಾಧನ ಅದೊಂದೇ.

ಕಂದಾಯ ಕಟ್ಟುವುದಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು. ದನಕ್ಕೆ ಮೇವಾಗಿ, ಬದುವಿನ ಮಣ್ಣು ಮಳೆಗೆ ಕೊಚ್ಚಿ ವರದೆ ಸೇರದಂತೆ ಹಿಡಿದಿಟ್ಟು, ಗಣೇಶನ ಚೌತಿಗೆ ಇಪ್ಪತ್ತೊಂದು ಕುಡಿಯಾಗಿ, ಸಗಣಿಯ ಬೆನಕನ ನೆತ್ತಿಯ ಮೇಲೆ ಕೂತು ಅದು ಧಾನ್ಯರೂಪದಲ್ಲಲ್ಲದಿದ್ದರೂ ಹುಲ್ಲುರೂಪದಲ್ಲಿ ತೀರಿಸುತ್ತಲೇ ಬಂದಿದೆ. ಬಾಕಿ ಉಳಿಸಿಕೊಂಡಿದ್ದರೂ ಮನ್ನಾ ಮಾಡುವ ಸಂಪ್ರದಾಯ ನಮ್ಮಲ್ಲಿ ಧಾರಾಳವಾಗಿದೆ.

ಕೊನೆಯ ಮತ್ತು ಅತಿ ನೋವಿನ ಆಕ್ಷೇಪ ಜಾತಿಯದು. ಹುಲ್ಲನ್ನು ಒಡೆಯನ ಸಾಲಿನಲ್ಲಿ ಕೂರಿಸುವುದೇ ಎಂದು ಕೇಳುವವರು ತಮ್ಮ ಹೊಲದ ಕಡೆ ನೋಡಲಿ. ಜೋಳ ಹುಲ್ಲು. ಗೋವಿನಜೋಳ ಹುಲ್ಲು. ಕಬ್ಬು ಹುಲ್ಲು. ಭತ್ತ ಹುಲ್ಲು. ಬಯಲುಸೀಮೆಯ ಅಭಿಮಾನದ ರಾಗಿಯಂತೂ ಕರಕಿಯ ಹತ್ತಿರದ ದಾಯಾದಿ. ಇಬ್ಬರೂ ಒಂದೇ ಉಪಕುಟುಂಬದವರು. ಹುಲ್ಲನ್ನು ಉಳಿಸಲು ಹುಲ್ಲನ್ನು ಕೀಳುವ ಈ ವ್ಯವಹಾರಕ್ಕೆ ಕೃಷಿ ಎಂದು ಹೆಸರು. ಇದರಲ್ಲಿ ಯಾವ ಹುಲ್ಲು ಬೆಳೆ, ಯಾವುದು ಕಸ ಎಂಬುದನ್ನು ನಿರ್ಧರಿಸುವುದು ಸಸ್ಯಶಾಸ್ತ್ರವಲ್ಲ, ಪೇಟೆಯ ಧಾರಣೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಅದು ಆ ಸೀಮೆಗೇ ಸೇರಿದ್ದೆಂಬ ಕಾರಣಕ್ಕೆ. ಕರಕಿಗೆ ಸಿಗಲಾರದು, ಏಕೆಂದರೆ ಅದು ಎಲ್ಲ ಸೀಮೆಗೂ ಸೇರಿದೆ. ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ಹೋಮ್ ಮತ್ತು ಸಂಗಡಿಗರು 1977ರಲ್ಲಿ ತಂದ ಗ್ರಂಥದಲ್ಲಿ ಕರಕಿಗೆ ಎರಡನೆಯ ಸ್ಥಾನ ದೊರೆತಿದೆ. ಮೊದಲ ಸ್ಥಾನ ಜೇಕಿಗೆ. ಜೇಕು ಹುಲ್ಲಿನ ಕುಟುಂಬದ್ದೇ ಅಲ್ಲವಾದ್ದರಿಂದ, ಹುಲ್ಲುಗಳಲ್ಲಿ ಮೊದಲ ಸ್ಥಾನ ಕರಕಿಯದೇ ಎಂದು ನಾವು ನಮ್ರವಾಗಿ ಸೂಚಿಸುತ್ತೇವೆ.

ಹಾಗಾದರೆ ಉತಾರದ 9ನೆಯ ಕಾಲಮ್ಮಿನಲ್ಲಿ ಹೆಸರು ಸೇರಿಸಲು ಉಳಿದಿರುವುದು ಚಕ್ಕುಬಂದಿಯ ತೊಡಕು ಮಾತ್ರ. ಖಾತೆಗೆ ನಾಲ್ಕು ದಿಕ್ಕಿನ ಗಡಿ ಬೇಕು. ಸರ್ವೇಯರ್ ಸರಪಳಿ ಹಿಡಿದು ಹೊರಟರೆ ಪೂರ್ವಕ್ಕೆ ಕರಕಿ, ಪಶ್ಚಿಮಕ್ಕೆ ಕರಕಿ, ದಕ್ಷಿಣಕ್ಕೂ ಉತ್ತರಕ್ಕೂ ಕರಕಿಯೇ ಸಿಗುತ್ತದೆ. ಗಡಿಗೆ ನೆಟ್ಟ ಕಲ್ಲಿನ ಬುಡದಲ್ಲಿ ಅದು ಇನ್ನೂ ಹುಲುಸಾಗಿರುತ್ತದೆ, ಏಕೆಂದರೆ ಕಲ್ಲಿನ ಹತ್ತಿರ ಕುಂಟೆ ಬರುವುದಿಲ್ಲ. ಈ ಕಾರಣಕ್ಕೆ ಅರ್ಜಿ ತಿರಸ್ಕೃತವಾದರೆ, ಅಕ್ಕಪಕ್ಕದ ಹಿಡುವಳಿದಾರರೆಲ್ಲ ಕರಕಿಯ ಹೊಲದೊಳಗೆ ಒತ್ತುವರಿ ಮಾಡಿದ್ದಾರೆಂದು ಪ್ರತಿದೂರು ಕೊಡಲು ಕರಕಿಗೆ ಅವಕಾಶವಿರುತ್ತದೆ.