ಲಂಡನ್ನಿನ ಕಾರ್ಪೊರೇಟರ್

(ಲಂಡನ್ನಿನ ಒಂದು ಬರೋ, ಅಂದರೆ ಸ್ಥಳೀಯ ಆಡಳಿತ ವಿಭಾಗ. ಊರಿಂದ ಬಂದ ಮಾವ. ಕೌನ್ಸಿಲರ್ ಅಳಿಯ ಕಸದ ಡಬ್ಬಿ ಎಳೆದು ಗೇಟಿನಾಚೆ ಇಡುತ್ತಿದ್ದಾನೆ.)

ಮಾವ: ಏನೋ ಇದು! ಕಾರ್ಪೊರೇಟರ್ ಆಗಿ ಕಸ ನೀನೇ ಎಳೀತೀಯಾ?

ಅಳಿಯ: ನಾಳೆ ಲಾರಿ ಬರುತ್ತೆ ಮಾವ. ತಪ್ಪಿದ್ರೆ ಇನ್ನೆರಡು ವಾರ ಕಾಯ್ಬೇಕು.

ಮಾವ: ಕಾರು, ಗನ್‌ಮ್ಯಾನ್?

ಅಳಿಯ: ಬಸ್ಸು. ಸಂಬಳವೂ ಇಲ್ಲ, ಭತ್ಯೆ ಮಾತ್ರ.

ಮಾವ: ಹೋಗ್ಲಿ, ಪಕ್ಕದ ಮನೆಯವನು ಹಿತ್ತಲಲ್ಲಿ ರೂಮು ಎಬ್ಬಿಸ್ತಾನಂತೆ. ಪರ್ಮಿಷನ್ ನಿನ್ನ ಕೈಲೇ ಅಲ್ವಾ? (ಕಣ್ಣು ಮಿಟುಕಿಸುತ್ತಾರೆ.)

ಅಳಿಯ: ಆ ಫೈಲ್ ಬಂದ್ರೆ, ನನಗೆ ಸಂಬಂಧ ಇದೆ ಅಂತ ಹೇಳಿ ಸಭೆಯಿಂದ ಎದ್ದು ಹೊರಗೆ ಹೋಗ್ಬೇಕು.

ಮಾವ: ಹೊರಗೆ ಹೋಗೋದಾ! ನಮ್ಮಲ್ಲಿ ಸಂಬಂಧ ಇದ್ರೇ ಒಳಗೆ ಬಿಡೋದು. ತೆರಿಗೆನಾದ್ರೂ ನೀವೇ ಹಾಕ್ತೀರೋ?

ಅಳಿಯ: ಹ್ಞೂಂ. ಈ ಸಲ 4.99 ಪರ್ಸೆಂಟ್ ಏರಿಸಿದ್ವಿ.

ಮಾವ: ಬಾಟಾ ಚಪ್ಪಲಿ ರೇಟು ಇದ್ದ ಹಾಗಿದೆಯಲ್ಲೋ!

ಅಳಿಯ: 5 ಮುಟ್ಟಿದ್ರೆ ಜನಮತ ಕೇಳ್ಬೇಕು ಮಾವ. ಕೇಳಿದ್ರೆ ಬೇಡ ಅಂತಾರೆ.

ಮಾವ: ಮನೆ ಬೆಲೆ ನೋಡಿ ತೆರಿಗೆ ತಾನೇ?

ಅಳಿಯ: ಹೌದು, 1991ರ ಏಪ್ರಿಲ್ ಬೆಲೆ.

ಮಾವ: ಮೊನ್ನೆ ಕಟ್ಟಿದ ಮನೆಗೆ?

ಅಳಿಯ: ಅದೂ 1991ರಲ್ಲಿ ಇದ್ದಿದ್ರೆ ಎಷ್ಟಕ್ಕೆ ಹೋಗ್ತಿತ್ತು ಅಂತ ಅಂದಾಜು ಮಾಡ್ತಾರೆ.

(ಮಾವ ಮೊದಲ ಸಲ ಅಳಿಯನನ್ನು ಗೌರವದಿಂದ ನೋಡುತ್ತಾರೆ. ಇಂಥ ಲೆಕ್ಕ ಅವರಿಗೂ ಹೊಳೆದಿರಲಿಲ್ಲ, ಪಾಪ.)

ಮಾವ: ದುಡ್ಡೆಲ್ಲ ರಸ್ತೆಗೋ?

ಅಳಿಯ: ದೊಡ್ಡ ಪಾಲು ವೃದ್ಧರ, ಮಕ್ಕಳ ಆರೈಕೆಗೆ. ಗುಂಡಿ ಮುಚ್ಚೋಕೆ ಉಳಿಯೋದು ಚಿಲ್ಲರೆ.

ಮಾವ: ಗುಂಡಿ ಇದೆಯಾ! ನಡಿ, ತೋರಿಸು. ಫೋಟೊ ತೆಗೆದು ಊರಿನ ಗ್ರೂಪಿಗೆ ಹಾಕ್ಬೇಕು.