ಟೈರ್ ದೊಡ್ಡದಾಯ್ತು, ಗೇರ್ ಯಾರ್ರೀ ನೋಡೋರು?

ಹಾಕಿಸಿಬಿಟ್ರಾ ಕೊನೆಗೂ? 33 ಇಂಚಿಂದು? ಕಂಗ್ರಾಟ್ಸ್ ರೀ! ಸ್ಟೇಟಸ್ ನೋಡ್ದೆ, ಮಡ್ ಟೈರ್ ಮುಂದೆ ಒಂದು ಕಾಲಿಟ್ಟು ನಿಂತಿದೀರಿ, ಹುಲಿ ಹೊಡೆದ ಶಿಕಾರಿಯ ಹಾಗೆ. ಸಿಗ್ನಲ್‌ನಲ್ಲಿ ನಿಂತಾಗ ಜವಳಿ ಅಂಗಡಿ ಗಾಜಿನಲ್ಲಿ ನಿಮ್ಮ ಥಾರನ್ನ ನೀವೇ ಕದ್ದು ನೋಡ್ತೀರಿ ಅಂತಾನೂ ಗೊತ್ತು. (ನಾಚ್ಕೋಬೇಡಿ, ಎಲ್ಲರೂ ನೋಡ್ತಾರೆ.)

ಆದ್ರೆ ಮೊನ್ನೆ ಚಾರ್ಮಾಡಿ ಹತ್ತುವಾಗ ಏನಾಯ್ತು ಹೇಳಿ. ಮೊದಲು ಮೂರನೇ ಗೇರ್‌ನಲ್ಲಿ ಹಾಡ್ಕೊಂಡು ಹೋಗ್ತಿದ್ದ ಗಾಡಿ, ಎರಡಕ್ಕೆ ಇಳಿಸಪ್ಪಾ ಅಂತ ಗೋಗರೀತಲ್ವಾ? ಕ್ಲಚ್ ವಾಸನೆ ಬಂದಾಗ ನೀವು "ಮುಂದಿನ ಬಸ್ಸಿಂದು" ಅಂದ್ರಿ. ಪಕ್ಕದಲ್ಲಿ ಕೂತವರು ನಂಬಿದ ಹಾಗೆ ತಲೆ ಆಡಿಸಿದ್ರು. ಬಸ್ಸೇ ಇರ್ಲಿಲ್ಲ, ಪಾಪ.

ವಿಷಯ ಇಷ್ಟೇ. ಕಂಪನಿ ಕೊಟ್ಟ 255/65, 18 ಇಂಚಿನ ಟೈರು ನಿಂತ್ರೆ ಸುಮಾರು 31 ಇಂಚು ಎತ್ತರ. ನಿಮ್ಮದು ಈಗ 33. ಎರಡೇ ಇಂಚು ತಾನೇ ಅಂತೀರಿ. ಕೊಡಪಾನ ಸೊಂಟದ ಮೇಲಿಟ್ಟು ತಂದ್ರೆ ಒಂದು ತೂಕ, ಅದೇ ಕೊಡಪಾನ ಕೈ ಚಾಚಿ ಹಿಡಿದ್ರೆ ಇನ್ನೊಂದು ತೂಕ. ಆಕ್ಸಲ್‌ಗೂ ನೆಲಕ್ಕೂ ದೂರ ಹೆಚ್ಚಾದಷ್ಟೂ ಇಂಜಿನ್‌ಗೆ ಕೈ ಸೋಲುತ್ತೆ. ಮೇಲಾಗಿ ಟೈರ್‌ದೇ ತೂಕ ಬೇರೆ.

ಮೈಲೇಜ್ ಬಿತ್ತು ಅಂತ ಅಳ್ತೀರಲ್ಲ, ಅದರಲ್ಲೂ ಅರ್ಧ ಸುಳ್ಳಿದೆ. ಮೀಟರ್ ಎಣಿಸೋದು ಚಕ್ರದ ಸುತ್ತುಗಳನ್ನ, ಚಕ್ರ ದೊಡ್ಡದಾದದ್ದು ಅದಕ್ಕೆ ಯಾರೂ ಹೇಳಿಲ್ಲ. ಅದು 60 ತೋರಿಸಿದಾಗ ನೀವು 64ರಲ್ಲಿರ್ತೀರಿ. ಓಡಿದ ಕಿಲೋಮೀಟರೂ ಅಷ್ಟೇ ಕಮ್ಮಿ ಬರೆಯುತ್ತೆ. (ಪೊಲೀಸ್‌ನೋರ ಸ್ಪೀಡ್ ಗನ್ ಮಾತ್ರ ನಿಮ್ಮ ಟೈರ್ ಸೈಜ್ ಕೇಳಲ್ಲ.)

ಹಾಗಾದ್ರೆ ಮದ್ದು? ಆಕ್ಸಲ್ ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್ ಗೇರ್ ಜೋಡಿ ಬದಲಿಸೋದು. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10 ಇದ್ರೆ ರೇಶಿಯೋ 4.10. ನಂಬರ್ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಓಟ ಕಮ್ಮಿ. ಹಳೇ ರೇಶಿಯೋನ ಹೊಸ ಟೈರ್ ಎತ್ತರದಿಂದ ಗುಣಿಸಿ, ಹಳೇ ಎತ್ತರದಿಂದ ಭಾಗಿಸಿ. ನಿಮ್ಮದು 4.10 ಅಂತಿಟ್ಕೊಂಡ್ರೆ 4.36 ಬರುತ್ತೆ. ಲೆಕ್ಕಕ್ಕೆ ಸರಿಯಾಗಿ ಸಿಗೋದು ಅಪರೂಪ, ಹತ್ತಿರದ್ದನ್ನ ಆರಿಸ್ಬೇಕು. ಮುಂದೆ ಕಬ್ಬಿಣದ ಬಂಪರ್, ವಿಂಚ್, ತಲೆ ಮೇಲೆ ಟೆಂಟು ಅಂತ ಹೇರಿಕೊಂಡಿದ್ರೆ (ಹೇರಿಕೊಂಡಿದೀರಿ, ನೋಡ್ದೆ) ಮೇಲಿನ ನಂಬರ್ ಕಡೆಗೇ ವಾಲಿ.

ಇದು ನನ್ನ ತಲೆಹರಟೆ ಅಲ್ಲ. ಅಮೆರಿಕದಲ್ಲಿ ಜೀಪ್ ಕಂಪನಿ 2021ರಲ್ಲಿ ರ್‍ಯಾಂಗ್ಲರ್ ರೂಬಿಕಾನ್‌ಗೆ ಫ್ಯಾಕ್ಟರಿಯಲ್ಲೇ 35 ಇಂಚಿನ ಟೈರ್ ಕೊಟ್ಟಾಗ ಹಳೇ ಗೇರ್ ಉಳಿಸಲಿಲ್ಲ, ಆಕ್ಸಲ್‌ನ 4.56 ಮಾಡ್ತು. ಮಾಡಿದವರೇ ಹೆದರಿದ್ರು ಅಂದ್ಮೇಲೆ ನಿಮಗ್ಯಾಕ್ರೀ ಧೈರ್ಯ?

ಇನ್ನು ನಮ್ಮ ಹಳೇ ಜೀಪುಗಳ ಮರ್ಯಾದೆ ನೋಡಿ. ಎರಡನೇ ಮಹಾಯುದ್ಧದ ವಿಲ್ಲಿಸ್‌ಗೆ 60 ಅಶ್ವಶಕ್ತಿ, ಕೋಲಿನಂಥ ಟೈರು, ಆಕ್ಸಲ್ ಮಾತ್ರ 4.88. ಆಮೇಲಿನ ಸಿಜೆ-3ಬಿಗೆ 5.38. ಆ ವಂಶದ ಮಹೀಂದ್ರಾ ಜೀಪುಗಳು ಕೊಲ್ಲೂರು, ನಿಟ್ಟೂರು ಕಡೆಯಿಂದ ಕೊಡಚಾದ್ರಿಗೆ ಜನ ತುಂಬ್ಕೊಂಡು ಹತ್ತೋದನ್ನ ನೋಡಿದೀರಲ್ಲ? ಕಿರಿದಾದ ಟೈರಲ್ಲೇ. ಆ ಡ್ರೈವರ್ ನಿಮ್ಮ 33 ನೋಡಿ ಬೀಡಿ ಬಾಯಲ್ಲೇ ನಕ್ಕಿದ್ದು ಮೆಚ್ಚಿ ಅಲ್ಲ.

ಈಗ ನಿಮ್ಮ ತಲೆಯಲ್ಲಿ ಓಡ್ತಿರೋದೂ ಗೊತ್ತಾಯ್ತು: ಹಿಂದಿನ ಆಕ್ಸಲ್ ಈ ತಿಂಗಳು, ಮುಂದಿನದ್ದು ದೀಪಾವಳಿ ಬೋನಸ್ ಬಂದ್ಮೇಲೆ. ಬೇಡ ಮಾರಾಯ್ರೇ! ಫೋರ್ ವೀಲ್ ಹಾಕಿದ ತಕ್ಷಣ ಮುಂದಿನ, ಹಿಂದಿನ ಆಕ್ಸಲ್‌ಗೆ ಹೋಗೋ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗ್ತವೆ. ಮುಂದೊಂದು ರೇಶಿಯೋ, ಹಿಂದೊಂದು ಅಂದ್ರೆ ಗಂಡ ಹೆಂಡತಿ ಒಂದೇ ಚೀಲನ ಆಕಡೆ ಈಕಡೆ ಎಳೆದಂಗೆ ಅಂತ ನಾನು ಹೇಳ್ಬೇಕಾಗಿಲ್ಲ, ಎರಡಕ್ಕೂ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸೇ ಮುರಿದು ಹೇಳುತ್ತೆ.

ಹಾಗಂತ 5.38ಕ್ಕೆ ಹಾರಬೇಡಿ ಮತ್ತೆ. ಪಿನಿಯನ್ ಹಲ್ಲು ಎಂಟಕ್ಕಿಳಿದು ಸಣಕಲಾಗುತ್ತೆ, ಹಾಸನ ಹೈವೇಲಿ 90ಕ್ಕೇ ಇಂಜಿನ್ ಬಾಯ್ಬಾಯ್ ಬಡ್ಕೊಳ್ಳುತ್ತೆ. ಎದೆ ಮುಟ್ಕೊಂಡು ಹೇಳಿ, ವರ್ಷದಲ್ಲಿ ಕೆಸರು ಎಷ್ಟು ದಿನ, ರಿಂಗ್ ರೋಡ್ ಎಷ್ಟು ದಿನ? ಗೆಳೆಯ ಹಾಕಿದ ಅಂತ ಅಲ್ಲ, ಆ ಉತ್ತರಕ್ಕೆ ಗೇರ್ ಆರಿಸಿ. (ಹಾಂ, ಗಾಡಿ ಮಾರ್ಪಡಿಸೋದರ ಬಗ್ಗೆ ಇರೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೂ ಒಮ್ಮೆ ಓದಿ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿದೆ.)

ಹಾಕೋ ಮೆಕ್ಯಾನಿಕ್ಕೂ ಅಷ್ಟೇ ಮುಖ್ಯ. ಹಲ್ಲಿಗೂ ಹಲ್ಲಿಗೂ ನಡುವಿನ ಸಡಿಲ ಮಿಲಿಮೀಟರ್‌ನ ಕಾಲು ಭಾಗದೊಳಗೆ ಕೂರಬೇಕು. "ಅಂದಾಜಲ್ಲಿ ಸಾಕು ಸಾರ್" ಅನ್ನೋನ ಹತ್ರ ಸ್ಪ್ಯಾನರ್ ಕಿತ್ಕೊಂಡು ಬನ್ನಿ. ಇಲ್ಲಾಂದ್ರೆ ಗಾಡಿ ಜೀವಮಾನವಿಡೀ ಗುಂಯ್ ಅನ್ನುತ್ತೆ.

ಅದೆಲ್ಲ ಆಮೇಲೆ. ಈಗಿರೋ ರೇಶಿಯೋ ಎಷ್ಟು ಅಂತಾದ್ರೂ ಗೊತ್ತಾ? ಇಲ್ವಲ್ಲ! ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಚಕ್ರಕ್ಕೆ ಜಾಕ್ ಹಾಕಿ. ಲಾಕರ್ ಇಲ್ಲದ ಗಾಡಿಯಾದ್ರೆ ಆ ಚಕ್ರನ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಿ. ಅದೇ ನಿಮ್ಮ ನಂಬರ್. ಬರ್ಕೊಂಡು ಬನ್ನಿ, ಮುಂದಿನ ಮಾತು ಆಮೇಲೆ ಆಡೋಣ.