ಒಂದು ಕೂದಲು ಎಡಕ್ಕೆ

ಆಗಸ್ಟ್ ಬಂತೆಂದರೆ ಎಲ್ಲರಿಗಿಂತ ಮೊದಲು ನನ್ನ ಸೊಂಟಕ್ಕೆ ಗೊತ್ತಾಗುತ್ತದೆ. ತಾಲ್ಲೂಕು ಮಟ್ಟದ ಕ್ರೀಡಾಕೂಟದ ಆದೇಶ ಶಾಲೆಗೆ ಬರುವುದು ಆಮೇಲೆ. ಅದರ ಮೂರನೇ ಪುಟದಲ್ಲಿ ತ್ರಿವಿಧ ಜಿಗಿತದ ಮುಖ್ಯ ತೀರ್ಪುಗಾರರು ಅಂತ ಫೌಲ್ ಮೇಷ್ಟ್ರ ಹೆಸರು, ಅದರ ಕೆಳಗೆ ಸಹಾಯಕ ಅಂತ ನನ್ನದು. 11 ವರ್ಷದಿಂದ ಈ ಜೋಡಿ ಬದಲಾಗಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ಜೀವಮಾನದಲ್ಲಿ ನೆಗೆದದ್ದೆಂದರೆ ಮಳೆಗಾಲದ ಮೋರಿಯೊಂದೇ, ಅದರಲ್ಲೂ ಒಂದು ಸಲ ಒಳಗೇ ಬಿದ್ದಿದ್ದೇನೆ. ಯಾವುದೋ ವರ್ಷ ಯಾರೋ ಬರಲಿಲ್ಲವೆಂದು ಪಾಪ ಅನ್ನಿಸಿ ಟೇಪಿನ ತುದಿ ಹಿಡಿದುಕೊಂಡೆ. ಹಿಡಿದವನನ್ನು ಅವರು ಮತ್ತೆ ಬಿಡಲಿಲ್ಲ.

ಫೌಲ್ ಮೇಷ್ಟ್ರು ನಮ್ಮ ತಾಲ್ಲೂಕಿಗೆ ಮಾತ್ರ ಮೀಸಲಾದ ಆಸಾಮಿಯಲ್ಲ, ಎಲ್ಲ ಕಡೆ ಒಬ್ಬೊಬ್ಬರು ಇದ್ದೇ ಇರುತ್ತಾರೆ. ಓಟದ ಗೆರೆಯ ಹತ್ತಿರ ಸೀಟಿ ಊದಿ ಮೆರೆಯುವವರು ಬೇರೆ, ಕಬಡ್ಡಿ ಅಂಕಣದಲ್ಲಿ ಎರಡೂ ಕಡೆಯವರಿಂದ ಬೈಸಿಕೊಳ್ಳುವವರು ಬೇರೆ. ಇವರದ್ದು ಮೈದಾನದ ಮೂಲೆ. ಜನ ಅಲ್ಲಿಗೆ ಬರುವುದು ನೆರಳಿಗೆ, ಇಲ್ಲವೇ ಟಿಫಿನ್ ಡಬ್ಬಿ ಬಿಚ್ಚುವುದಕ್ಕೆ. ತಲೆಗೆ ಬಿಳಿ ಟೋಪಿ, ಒಂದು ಜೇಬಿನಲ್ಲಿ ಕಡಲೆಕಾಯಿ, ಇನ್ನೊಂದರಲ್ಲಿ ಮೂಲೆ ಮುದುರಿದ ನಿಯಮದ ಪುಸ್ತಕ. ಬಿಳಿ ಬಾವುಟ ಹಳೇ ಪಂಚೆಯದು, ಕೆಂಪು ಬಾವುಟ ಅವರ ಮನೆಯವರ ರವಿಕೆ ಕಣದ್ದು. ಬಿಳಿಯದು ಇವತ್ತಿಗೂ ಹೊಸದರ ಹಾಗಿದೆ. ಕೆಂಪು ಮೂರು ಸಲ ಬದಲಾಗಿದೆ.

ಈ ಆಟ ಅರ್ಥವಾಗಬೇಕಾದರೆ ಕುಂಟೆಬಿಲ್ಲೆ ನೆನಪಿದ್ದರೆ ಸಾಕು. ಓಡಿ ಬಂದು ಹಲಗೆಯ ಮೇಲೆ ಯಾವ ಕಾಲು ಊರಿದಿರೋ ಅದೇ ಕಾಲಲ್ಲಿ ಇಳಿಯಬೇಕು, ಅದು ಕುಂಟು. ಆಮೇಲೆ ಇನ್ನೊಂದು ಕಾಲಲ್ಲಿ ಹೆಜ್ಜೆ. ಕೊನೆಗೆ ಮರಳಿಗೆ ನೆಗೆತ. ಎಡ-ಎಡ-ಬಲ, ಇಲ್ಲವೇ ಬಲ-ಬಲ-ಎಡ. ಮೊದಲ ವರ್ಷ ಒಬ್ಬ ಹುಡುಗ ಎಡ-ಬಲ-ಎಡ ಹಾಕಿ ಮರಳಿಗೆ ಬಿದ್ದ. ನಾನು ಭೇಷ್ ಅಂದೆ. ಮೇಷ್ಟ್ರು ಕೆಂಪು ಬಾವುಟ ಎತ್ತಿ ನನ್ನ ಕಡೆ ತಿರುಗಿ, "ಕನ್ನಡ ಮೇಷ್ಟ್ರೇ, ಗಣ ತಪ್ಪಿತಲ್ಲ!" ಅಂದರು. ಷಟ್ಪದಿಗೆ ಪ್ರಸ್ತಾರ ಹಾಕಿಸಿ ಮಕ್ಕಳ ಪ್ರಾಣ ಹಿಂಡುವವನಿಗೆ ಇದಕ್ಕಿಂತ ದೊಡ್ಡ ಏಟು ಬೇಕೆ? "ಕಣ್ಣು ಮುಚ್ಚಿ ಕೇಳಿ" ಅಂತ ಅವರೇ ಹೇಳಿಕೊಟ್ಟರು. ಟಪ್, ಟಪ್, ಟಪ್. ಮೂರು ಸದ್ದಿನ ನಡುವಿನ ಬಿಡುವು ಸಮವಾಗಿರಬೇಕು. ನಡುವಿನದು ಅವಸರದಲ್ಲಿ ಬಂದರೆ ಹೆಜ್ಜೆ ಗಿಡ್ಡವಾಯಿತು ಅಂತ ಅರ್ಥ. ಅಂದಿನಿಂದ ನನಗೂ ಕೇಳಿಸುತ್ತದೆ. ಈ ವಿದ್ಯೆಯಿಂದ ಬೇರೆ ಯಾವ ಪ್ರಯೋಜನವೂ ಆಗಿಲ್ಲ.

ನಿಯಮದ ವಿಷಯದಲ್ಲಿ ಅವರಿಗೆ ದೇವರ ಹಂಗೂ ಇಲ್ಲ, ಇತಿಹಾಸದ ಹಂಗೂ ಇಲ್ಲ. 1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಮೊಟ್ಟಮೊದಲು ಗೆದ್ದವನು ಇದೇ ಆಟದವನು, ಅಮೆರಿಕದ ಜೇಮ್ಸ್ ಕನೋಲಿ. ಇದನ್ನು ಮೇಷ್ಟ್ರು ತಮ್ಮ ಸೋದರಮಾವನ ಸಾಧನೆ ಅನ್ನುವ ಹಾಗೆ ಹೇಳುತ್ತಾರೆ. ಹೇಳಿ ಮುಗಿಸಿ, ಒಂದು ಕಡಲೆಕಾಯಿ ಸುಲಿದು, "ಆದರೆ ಎರಡು ಸಲ ಕುಂಟಿ ಆಮೇಲೆ ನೆಗೆದ. ಆ ಕಾಲದಲ್ಲಿ ನಡೀತಿತ್ತು. ನನ್ನ ಪಿಟ್ಟಿನಲ್ಲಾಗಿದ್ದರೆ ಕೆಂಪು" ಅನ್ನುತ್ತಾರೆ.

ಹಾಗಂತ ಕೆಂಪು ಎತ್ತುವ ಚಪಲದವರಲ್ಲ. ಹಾರುವಾಗ ಹಿಂದಿನ ಕಾಲು ನೆಲಕ್ಕೆ ಸವರಿದರೆ ಫೌಲ್ ಅಂತ ಈಗಲೂ ಕೂಗುವ ದೈಹಿಕ ಶಿಕ್ಷಕರಿದ್ದಾರೆ. ಅದು ಫೌಲಲ್ಲ ಅಂತ ಪುಸ್ತಕ ತೆಗೆದು, ಪುಟ ತೋರಿಸಿ, ಓದಿ ಹೇಳಿ, ಅವರು ಒಪ್ಪುವವರೆಗೆ ಇಡೀ ಸ್ಪರ್ಧೆಯನ್ನೇ ನಿಲ್ಲಿಸುತ್ತಾರೆ. ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಜೋರಾಗಿ ಬೆನ್ನಿಗಿದ್ದರೆ ದಾಖಲೆಗೆ ಲೆಕ್ಕವಿಲ್ಲ. ನಮ್ಮ ತಾಲ್ಲೂಕಿನಲ್ಲಿ ಗಾಳಿ ಅಳೆಯುವ ಯಂತ್ರವೂ ಇಲ್ಲ, ದಾಖಲೆ ಮುರಿಯುವವರೂ ಇಲ್ಲ. ಆದರೂ ಚಿಟಿಕೆ ಧೂಳು ತೂರಿ ನೋಡಿ, ಹಾಳೆಯಲ್ಲಿ "ಗಾಳಿ: ಸಾಧಾರಣ" ಅಂತ ಬರೆಸುತ್ತಾರೆ.

ಹಲಗೆಯ ಅಂಚಿಗೆ ಬಳಿಯುವ ಮೇಣಕ್ಕೆ ಅನುದಾನವಿಲ್ಲ. ಕ್ರೀಡಾಕೂಟ ಬರುವುದು ಗೌರಿ-ಗಣೇಶದ ಆಸುಪಾಸಿಗಾದ್ದರಿಂದ, ಗಣಪತಿ ಮಾಡುವವರ ಮನೆಗೆ ಹೋಗಿ ಒಂದು ಮುದ್ದೆ ಜೇಡಿಮಣ್ಣು ತಂದು ಅಂಚಿಗೆ ಮೆತ್ತುತ್ತಾರೆ. ಬೆರಳು ಗೆರೆ ದಾಟಿದರೆ ಅದರಲ್ಲಿ ಅಚ್ಚು ಬೀಳುತ್ತದೆ. 2021ರಲ್ಲಿ ನಿಯಮ ಬದಲಾಯಿತು. ಈಗ ಮಣ್ಣು ಮುಟ್ಟಲೇಬೇಕೆಂದಿಲ್ಲ, ನೆಲ ಬಿಡುವ ಮೊದಲು ಶೂ ತುದಿ ಗೆರೆಯ ನೇರವನ್ನು ಗಾಳಿಯಲ್ಲಿ ದಾಟಿದರೂ ತಪ್ಪೇ. ಮೇಷ್ಟ್ರು ಹೊಸ ನಿಯಮ ಪಾಲಿಸುತ್ತಾರೆ, ಮಣ್ಣನ್ನು ಮಾತ್ರ ಬಿಟ್ಟಿಲ್ಲ. "ನಾನು ಹೇಳಿದರೆ ಮಗು ನಂಬಲ್ಲ, ಮಣ್ಣು ಹೇಳಿದರೆ ನಂಬುತ್ತೆ."

ಇಷ್ಟನ್ನೂ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಅಳತೆ.

ಟೇಪಿನ ಸೊನ್ನೆ ತುದಿ ಮರಳಲ್ಲಿ, ಓದುವ ತುದಿ ಹಲಗೆಯ ಹತ್ತಿರ. ಸೊನ್ನೆ ಹಿಡಿಯುವವನು ನಾನು. ಮರಳಲ್ಲಿ ಹಲಗೆಗೆ ಅತಿ ಹತ್ತಿರ ಬಿದ್ದ ಗುರುತು ಹುಡುಕಬೇಕು. ಅದು ಹಿಮ್ಮಡಿಯದ್ದೋ, ಕೈಯದ್ದೋ, ಕೂತದ್ದೋ, ಯಾವುದಾದರೂ ಸರಿ. ಅಲ್ಲಿಗೆ ಕೊಡೆ ಕಡ್ಡಿ ಚುಚ್ಚಿ, ಅದಕ್ಕೆ ಸೊನ್ನೆ ಒತ್ತಿ, ಬಗ್ಗಿ ನಿಲ್ಲಬೇಕು. ಆ ಕಡೆ ಮೇಷ್ಟ್ರು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಟೇಪು ಗೆರೆಗೆ ಲಂಬವಾಗಿದೆಯೇ ಅಂತ ನೋಡುತ್ತಾರೆ. ನೋಡುತ್ತಾರೆ. ಇನ್ನೂ ನೋಡುತ್ತಾರೆ. ಆಮೇಲೆ ಆ ಮಾತು ಬರುತ್ತದೆ.

"ಕನ್ನಡ ಮೇಷ್ಟ್ರೇ, ಒಂದು ಕೂದಲು ಎಡಕ್ಕೆ."

ಸರಿಸುತ್ತೇನೆ. "ಜಾಸ್ತಿಯಾಯ್ತು. ಅರ್ಧ ಕೂದಲು ಬಲಕ್ಕೆ." 32 ಮಕ್ಕಳು, ತಲೆಗೆ ಮೂರು ನೆಗೆತ, 96 ಸಲ ಬಗ್ಗಬೇಕು. ಫೌಲ್ ಆದದ್ದನ್ನು ಅಳೆಯುವಂತಿಲ್ಲ, ಅದೊಂದೇ ನನ್ನ ಪುಣ್ಯ. ನಿಜ ಹೇಳುತ್ತೇನೆ, ಕೆಂಪು ಬಾವುಟ ಎದ್ದಾಗಲೆಲ್ಲ ನನ್ನ ಸೊಂಟ ಒಳಗೊಳಗೇ ಚಪ್ಪಾಳೆ ತಟ್ಟುತ್ತದೆ. ಮಗುವಿನ ಮುಖ ಕಂಡ ಮೇಲೆ ನಾಚಿಕೆಯಾಗುತ್ತದೆ, ಆದರೆ ಚಪ್ಪಾಳೆ ಮೊದಲು.

ಒಮ್ಮೆ ತಡೆಯಲಾರದೆ, "ಒಂದು ಸೆಂಟಿಮೀಟರಿಗೆ ಏನಾಗುತ್ತೆ, ಬರ್ಕೊಳ್ಳಿ ಸಾರ್" ಅಂದುಬಿಟ್ಟೆ. ಆ ವರ್ಷ, 2022ರಲ್ಲಿ, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟ ಆಗಷ್ಟೇ ಮುಗಿದಿತ್ತು. ಕೇರಳದ ಎಲ್ದೋಸ್ ಪಾಲ್ 17.03 ಮೀಟರಿಗೆ ಚಿನ್ನ ಗೆದ್ದರೆ, ಕೇರಳದವರೇ ಆದ ಅಬ್ದುಲ್ಲ ಅಬೂಬಕರ್ 17.02ಕ್ಕೆ ಬೆಳ್ಳಿ. ಮೇಷ್ಟ್ರು ಬಾಯಲ್ಲಿ ಉತ್ತರ ಕೊಡಲಿಲ್ಲ. ತೋರುಬೆರಳ ಉಗುರನ್ನು ನನ್ನ ಕಣ್ಣಿನೆದುರು ಹಿಡಿದು ತೋರಿಸಿದರು. ನಾನು ಮರಳಿಗೆ ವಾಪಸು ಬಗ್ಗಿದೆ.

ಇನ್ನೊಂದು ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಚೆನ್ನಾಗಿಯೇ ಹಾರಿದಳು. ಅವಳ ಜಡೆಯ ರಿಬ್ಬನ್ನು ಹಿಮ್ಮಡಿಗಿಂತ ಒಂದು ಗೇಣು ಹಿಂದೆ ಮರಳಿಗೆ ತಾಗಿತ್ತು. ಮೈಗೆ ಅಂಟಿಕೊಂಡದ್ದು ಏನು ತಾಗಿದರೂ ಲೆಕ್ಕ. ಮೇಷ್ಟ್ರು ರಿಬ್ಬನ್ನಿಗೇ ಕಡ್ಡಿ ಚುಚ್ಚಿಸಿದರು. ಅವಳು ಅತ್ತಳು. ಇಂಥವರನ್ನು ಮನೆಯವರು ಹೇಗೆ ಸಹಿಸುತ್ತಾರೋ ಅಂತ ನಾನು ಆವತ್ತೆಲ್ಲ ಬೈದುಕೊಂಡೆ. ಮುಂದಿನ ವರ್ಷ ಅವರ ಕಡಲೆಕಾಯಿ ಜೇಬಿನಲ್ಲಿ ಒಂದು ಹಿಡಿ ರಬ್ಬರ್ ಬ್ಯಾಂಡೂ ಹೇರ್‌ಪಿನ್ನೂ ಇದ್ದವು. "ಜಡೆ ಎತ್ತಿ ಕಟ್ಕೊಳ್ರವ್ವ, ಜಡೆ ಎತ್ತಿ ಕಟ್ಕೊಳಿ" ಅಂತ ಸಾಲು ನಿಂತ ಹುಡುಗಿಯರಿಗೆಲ್ಲ ಹಂಚಿದರು.

ನನ್ನ ಗೃಹಪ್ರವೇಶಕ್ಕೂ ಬಂದಿದ್ದರು. ಹೊಸಿಲ ಮೇಲೆ ಕಾಲಿಡದೆ ಒಳಗೆ ಬಂದು, ಮನೆಯೆಲ್ಲ ನೋಡಿ, "ಸೈಟು ಎಷ್ಟು?" ಅಂದರು. "ಮೂವತ್ತು-ನಲವತ್ತು ಸಾರ್." ಸ್ವಲ್ಪ ಹೊತ್ತು ಲೆಕ್ಕ ಹಾಕಿ, "12.19 ಮೀಟರ್. ನಮ್ಮ ಹೈಸ್ಕೂಲ್ ಹುಡುಗರಿಗೆ ಸಾಕು" ಅಂದರು. 1995ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಇಂಗ್ಲೆಂಡಿನ ಜೊನಾಥನ್ ಎಡ್ವರ್ಡ್ಸ್ ಹಾರಿದ್ದು 18.29 ಮೀಟರ್, ಲೆಕ್ಕಕ್ಕೆ 60 ಅಡಿ. "ಅರವತ್ತು-ನಲವತ್ತು ಸೈಟನ್ನ ಉದ್ದಕ್ಕೆ ಮೂರೇ ನೆಗೆತಕ್ಕೆ ದಾಟಿದ ಪುಣ್ಯಾತ್ಮ! ನೀವು ಸಾಲ ಮಾಡಿದ್ದು ಮಾಡಿದಿರಿ, ಇನ್ನೊಂದಿಷ್ಟು ಮಾಡಬಾರದಾಗಿತ್ತಾ?" ನನ್ನ ಹೆಂಡತಿ ಹೋಳಿಗೆ ಬಡಿಸುತ್ತಿದ್ದವಳು ಅಲ್ಲೇ ನಿಂತಳು.

ಮಧ್ಯಾಹ್ನ ಪಲಾವ್ ತಿನ್ನುವಾಗ ಮಾತ್ರ ಅವರು ಬೇರೆ ಮನುಷ್ಯ. ಪ್ರತಿ ವರ್ಷ ಒಂದೇ ಕಥೆ: ಹೆನ್ರಿ ರೆಬೆಲ್ಲೊ. 1948, ಲಂಡನ್ ಒಲಿಂಪಿಕ್ಸ್. ಇನ್ನೂ ಇಪ್ಪತ್ತು ತುಂಬದ ಹುಡುಗ, ತ್ರಿವಿಧ ಜಿಗಿತದ ಫೈನಲ್ಲಿಗೆ ಬಂದಿದ್ದ. ಮೈ ಬಿಸಿ ಮಾಡಿಕೊಂಡು ಓಡಲು ನಿಂತವನನ್ನು ಅಧಿಕಾರಿಯೊಬ್ಬರು ತಡೆದರಂತೆ, ಬೇರೆ ಯಾವುದೋ ಸ್ಪರ್ಧೆಯ ಪದಕ ಪ್ರದಾನ ನಡೀಬೇಕು ಅಂತ. ಅಷ್ಟು ಹೊತ್ತು ಚಳಿಯಲ್ಲಿ ನಿಂತು, ಮೈ ತಣ್ಣಗಾಗಿ, ಆಮೇಲೆ ಓಡಿ ನೆಗೆದಾಗ ತೊಡೆಯ ಹಿಂದಿನ ಸ್ನಾಯು ಹರಿದುಹೋಯಿತು. "ನಿಲ್ಲಿಸಿದ್ದು ನಮ್ಮಂಥವನೇ, ಕನ್ನಡ ಮೇಷ್ಟ್ರೇ" ಅಂತ ಪಲಾವಿನಲ್ಲಿ ಲವಂಗ ಹುಡುಕಿ ಪಕ್ಕಕ್ಕಿಡುತ್ತಾರೆ.

ಹೋದ ವರ್ಷದ ಹುಡುಗಿಯರ ಸ್ಪರ್ಧೆ. ಕೊನೇ ಸುತ್ತು, ಕೊನೇ ನೆಗೆತ. ಹೋಬಳಿ ಕಡೆಯಿಂದ ಬಂದ ಹುಡುಗಿ, ಬರಿಗಾಲು, ಜಡೆ ಎತ್ತಿ ಕಟ್ಟಿ ಮೇಷ್ಟ್ರ ಎರಡು ಪಿನ್ನು ಸಿಕ್ಕಿಸಿಕೊಂಡಿದ್ದಳು. ಮೂರನೇ ಸ್ಥಾನದಲ್ಲಿದ್ದಳು. ಅವಳು ಓಡುವ ದಾರಿಯ ತುದಿಗೆ ಬಂದು ನಿಂತಳು, ಮೈಕು ಕಿರುಚಿತು: ಮಾನ್ಯ ಶಾಸಕರು ಆಗಮಿಸುತ್ತಿದ್ದಾರೆ, ಎಲ್ಲ ಸ್ಪರ್ಧೆಗಳನ್ನು ಕೂಡಲೇ ನಿಲ್ಲಿಸಬೇಕು, ಮಕ್ಕಳು ವೇದಿಕೆಯ ಮುಂದೆ ಸೇರಬೇಕು. ಸಂಘಟಕರಲ್ಲಿ ಒಬ್ಬರು ನಮ್ಮ ಕಡೆಗೇ ಓಡಿ ಬಂದರು. ಮೇಷ್ಟ್ರು ಹಲಗೆಯ ಪಕ್ಕದಿಂದ ಏಳಲಿಲ್ಲ. ಕೈಗಡಿಯಾರ ತೋರಿಸಿ, "ಆ ಮಗೂಗೆ ಒಂದು ನಿಮಿಷ ಇದೆ. ಅದು ಅವಳದ್ದು, ನಿಮ್ಮದೂ ಅಲ್ಲ, ಅವರದ್ದೂ ಅಲ್ಲ" ಅಂದರು. ಆಮೇಲೆ ಅವಳ ಕಡೆ ತಿರುಗಿ, "ಬಾರವ್ವ, ನೀನು ಬಾ."

ಬಂದಳು. ನಾನು ಕಣ್ಣು ಮುಚ್ಚಿಕೊಂಡೆ. ಟಪ್. ಟಪ್. ಟಪ್. ಷಟ್ಪದಿಯ ಹಾಗೆ ಕೇಳಿಸಿತು. ಕಣ್ಣು ತೆರೆದರೆ ಆವತ್ತು ಯಾರೂ ಮುಟ್ಟದ ಕಡೆ, ಮರಳಿನ ಆಳದಲ್ಲಿ ಕೂತಿದ್ದಳು.

ಮೇಷ್ಟ್ರು ಕೆಂಪು ಬಾವುಟ ಎತ್ತಿದರು.

ಓಡಿ ಬಂದಿದ್ದ ಸಂಘಟಕರು ತಲೆ ಚಚ್ಚಿಕೊಂಡು ವೇದಿಕೆಯ ಕಡೆ ಹೋದರು. ಹುಡುಗಿ ಬಂದು ನಿಂತಳು. ಮೇಷ್ಟ್ರು ಏನೂ ಹೇಳದೆ ಮಣ್ಣು ತೋರಿಸಿದರು. ಹೆಬ್ಬೆರಳ ಅಚ್ಚು ನುಣ್ಣಗೆ ಕೂತಿತ್ತು. ಅವಳು ನೋಡಿ ಸುಮ್ಮನೆ ತಲೆಯಾಡಿಸಿದಳು. ಅವರು ಅಷ್ಟು ಮಣ್ಣನ್ನು ಅಚ್ಚು ಕೆಡದ ಹಾಗೆ ಕತ್ತರಿಸಿ ತೆಗೆದು ಅವಳ ಅಂಗೈಗೆ ಹಾಕಿ, "ಜಿಲ್ಲೆಗೆ ಹೋಗ್ತೀಯ ಮುಂದಿನ ಸಲ. ಇಷ್ಟು ಹಿಂದೆ, ಅಷ್ಟೇ" ಅಂದರು.

ಅತ್ತ ಸ್ವಾಗತ ಗೀತೆ ಶುರುವಾಯಿತು. ಮರಳು ಎಳೆಯುವ ಹುಡುಗರು ಹಲುಬೆ ಹಿಡಿದು ಗುಂಡಿಗೆ ಇಳಿದರು. "ಇರ್ಲಿ, ಮುಟ್ಟಬೇಡಿ" ಅಂದರು ಮೇಷ್ಟ್ರು. ಅತ್ತಿತ್ತ ನೋಡಿದರು. ಅಂಕದ ಹಾಳೆಯನ್ನು ಮಡಚಿ ಜೇಬಿಗಿಟ್ಟು, ಹಲಗೆಯ ಹತ್ತಿರ ಮಂಡಿಯೂರಿದರು.

"ಸಾರ್, ಫೌಲ್ ಅಲ್ವಾ ಇದು?" ಅಂದೆ.

ಉತ್ತರವಿಲ್ಲ. ಟೇಪು ಮರಳಿನ ಮೇಲೆ ನನ್ನ ಕಡೆ ಹರಿದು ಬಂತು. ಕಡ್ಡಿ ಚುಚ್ಚಿ, ಸೊನ್ನೆ ಒತ್ತಿ, ಬಗ್ಗಿ ನಿಂತೆ. ಹುಡುಗಿ ಮಣ್ಣು ಹಿಡಿದುಕೊಂಡೇ ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ಕನ್ನಡ ಮೇಷ್ಟ್ರೇ," ಅಂದರು ಒಂದು ಕಣ್ಣು ಮುಚ್ಚಿ, "ಒಂದು ಕೂದಲು ಎಡಕ್ಕೆ."